ದಿಂಬಿನಿಂದ ಕಾಣುವ ಬೀದಿ

ಮನೆ, ಒಳಕೋಣೆ
ಹದಿನಾಲ್ಕನೇ ತಾರೀಕು, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ನನ್ನ ಮಹಾರಾಣಿಗೆ,

ಹೇಗಿದ್ದೀಯೇ? ಕೆಮ್ಮು ಇಳಿಯಿತೇ? ನಿದ್ದೆ ಹತ್ತುತ್ತದೆಯೇ? ಬಲಗೈ ಇನ್ನೂ ಮುನಿಸಿಕೊಂಡೇ ಇದೆ, ಆದರೆ ಎಡಗೈಯ ಬೆರಳು ಆಡತೊಡಗಿವೆ, ಒಮ್ಮೊಮ್ಮೆ ಮಂಚದ ಕಂಬಿಯನ್ನು ತಟ್ಟುತ್ತೀಯ ಎಂದು ನರ್ಸಮ್ಮ ಬರೆದಿದ್ದರು. ಅದನ್ನು ಓದಿದವನೇ ನಡುಮನೆಯಲ್ಲಿ ಎರಡೂ ಕೈ ಮೇಲೆತ್ತಿ, 'ತಟ್ಟಿದಳು! ನನ್ನವಳು ತಟ್ಟಿದಳು!' ಎಂದು ಅಬ್ಬರಿಸಿಬಿಟ್ಟೆ. ಮಹಡಿಯ ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ, 'ಯಾರು ಯಾರಿಗೆ ತಟ್ಟಿದ್ರಪ್ಪಾ, ಜನ ಕರೀಲಾ?' ಎಂದಳು. ಅವಳಿಗೇನು ಗೊತ್ತು ಆ ತಟ್ಟುವಿಕೆಯ ಬೆಲೆ! ದೀಪಗಳ ಬೆಳಕಿನಲ್ಲಿ ನಾನು ರಾಜನಾಗಿ ಗುಡುಗುತ್ತಿದ್ದಷ್ಟು ಕಾಲವೂ ನೀನು ಸೈಡ್‌ವಿಂಗಿನ ಕತ್ತಲಲ್ಲಿ ನಾಟಕದ ಪ್ರತಿ ಹಿಡಿದು ಕುಳಿತಿದ್ದೆ. ನಾನು ಮಾತು ಮರೆತರೆ, ಮರೆತದ್ದನ್ನು ಮುಚ್ಚಲು ಸ್ವಂತದ್ದೊಂದು ಸೇರಿಸಿ ಹಾರಿಸಿದರೆ, ಮರದ ಚೌಕಟ್ಟಿನ ಮೇಲೆ ನಿನ್ನ ಬೆರಳು ಟಕ್ ಎನ್ನುತ್ತಿತ್ತು. ಅದರ ಹಿಂದೆಯೇ ಪಿಸುದನಿಯಲ್ಲಿ ನೀನು ಸರಿಯಾದ ಮಾತು ಎತ್ತಿಕೊಡುತ್ತಿದ್ದೆ. ಸಭೆಯೆಲ್ಲ ನನ್ನ ಗಂಟಲಿಗೆ ಚಪ್ಪಾಳೆ ಹೊಡೆಯಿತು, ಕಣೇ. ಆ ಗಂಟಲಿಗೆ ಮಾತು ತುಂಬಿದವಳು ನೀನು. ಈಗ ನಿನ್ನ ಮಾತೇ ನಿಂತುಹೋಗಿದೆ. ಇದೆಂಥ ನಾಟಕವೋ, ಬರೆದವನು ಎದುರಿಗೆ ಸಿಕ್ಕರೆ ಕೊರಳಪಟ್ಟಿ ಹಿಡಿದು ಕೇಳುತ್ತೇನೆ.

ನರ್ಸಮ್ಮನವರೇ, ಓದುತ್ತಿರುವವರು ನೀವಾದ್ದರಿಂದ ನಿಮಗೊಂದು ಬಿನ್ನಹ. ಇದನ್ನು ಕರೆಂಟ್ ಬಿಲ್ ಓದಿದ ಹಾಗೆ ಓದಬೇಡಿ. ನಾನು ಕೂಗಿದ ಕಡೆ ಕೂಗಿ, ನಿಂತ ಕಡೆ ನಿಂತು ಅವಳ ಮುಖ ನೋಡಿ. ಪಕ್ಕದ ಮಂಚದವರು ಬೈದರೆ ಬೈಗಳನ್ನು ಜೋಪಾನವಾಗಿ ಬರೆದು ನನಗೆ ಕಳುಹಿಸಿ. ಇಲ್ಲಿ ನನ್ನನ್ನು ಬೈಯುವವರು ಯಾರೂ ಇಲ್ಲದೆ ಬಾಯಿ ರುಚಿ ಕೆಟ್ಟುಹೋಗಿದೆ.

ಕೆಮ್ಮಿನ ಸೋಂಕು ಹಬ್ಬಿದೆ ಎಂದು ನಿಮ್ಮ ವಾರ್ಡಿನ ಬಾಗಿಲು ಮುಚ್ಚಿದ ಮೇಲೆ ಗೇಟಿನವನ ಕೈಗೆ ಕಾಗದ ಕೊಟ್ಟು ಬರುವುದೇ ನನ್ನ ಪಾಲಿನ ಭೇಟಿ. ನಿನ್ನನ್ನು ನಾನು ಕೊನೆಯ ಸಲ ನೋಡಿದ್ದು ಇಲ್ಲಿಯ ದೊಡ್ಡಾಸ್ಪತ್ರೆಯಲ್ಲಿ, ನಿನ್ನನ್ನು ಆ ದೂರದ ಊರಿನ ಆರೈಕೆ ಮನೆಗೆ ಕರೆದೊಯ್ಯುವ ವ್ಯಾನಿನೊಳಗೆ. ನೀನು ಅಂಗಾತ ಮಲಗಿದ್ದೆ. ತಲೆಯಡಿಗೆ ನಿನ್ನದೇ ತೆಳ್ಳನೆಯ ದಿಂಬು. ದಪ್ಪ ದಿಂಬು ಇಟ್ಟರೆ ಕುತ್ತಿಗೆ ಉಳುಕುತ್ತದೆ ಎಂದು ಮದುವೆಯಾದ ಹೊಸತರಲ್ಲೇ ನನ್ನ ದಿಂಬನ್ನೂ ಬಿಚ್ಚಿ ಅರ್ಧ ಹತ್ತಿ ತೆಗೆದವಳಲ್ಲವೇ ನೀನು! ಆ ಚಿತ್ರವನ್ನೇ ಕಣ್ಣಲ್ಲಿ ಇಟ್ಟುಕೊಂಡು ನಾನು ಈ ಮನೆಯನ್ನು ತಿದ್ದಿದೆ. ಅದನ್ನು ನೆನಪಿನಲ್ಲಿಟ್ಟುಕೋ, ಮುಂದೆ ಬೇಕಾಗುತ್ತದೆ.

ಮನೆ ತಿದ್ದಿದೆ ಎಂದೆನಲ್ಲ, ಕೇಳು. ಆರೈಕೆ ಮನೆಯವರ ಕಟ್ಟಳೆ ನಿನಗೂ ಗೊತ್ತು: ಅವರ ವ್ಯಾಯಾಮದ ಮೇಡಂ ಬಂದು ನೋಡಬೇಕು, ಮನೆ ರೋಗಿಗೆ ಒಪ್ಪುತ್ತದೆ ಎನ್ನಬೇಕು, ಆಮೇಲೆಯೇ ನಿನ್ನನ್ನು ಬಿಟ್ಟುಕೊಡುವುದು. ಹಾಗೆಂದು ತಿಳಿದ ದಿನವೇ ನಮ್ಮ ಗಾರೆಯವನನ್ನು ಕರೆಸಿದೆ, ಅದೇ ಆ ದೊಡ್ಡ ತಲೆಯವನು, ಮಾತಿಗೊಮ್ಮೆ 'ಆಗಲ್ಲ ಯಜಮಾನ್ರೇ' ಎಂದು ಆಮೇಲೆ ಮಾಡಿಕೊಡುವವನು. ಹೊಸ್ತಿಲನ್ನು ಕಿತ್ತು ನೆಲ ಸಮ ಮಾಡಿಸಿದೆ. ಒಳಕೋಣೆಯ ಬಾಗಿಲನ್ನು ಗಾಲಿಕುರ್ಚಿ ಸಲೀಸಾಗಿ ನುಗ್ಗುವಷ್ಟು ಅಗಲ ಮಾಡಿಸಿದೆ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಉಕ್ಕಿನ ಕಂಬಿ, ಕಾಲು ಜಾರದ ಒರಟು ಕಲ್ಲು. ದೀಪದ ಸ್ವಿಚ್ಚುಗಳನ್ನೆಲ್ಲ ಮಂಚದ ಪಕ್ಕಕ್ಕೆ, ನಿನ್ನ ಎಡಗೈಗೆ ಎಟುಕುವಂತೆ ಇಳಿಸಿದೆ. ಇನ್ನೊಂದು ಕೇಳು, ಎದೆ ಗಟ್ಟಿ ಮಾಡಿಕೋ: ಅಡುಗೆಮನೆಯ ನಲ್ಲಿಯನ್ನು ಸರಿ ಮಾಡಿಸಿದೆ! 'ರೀ, ಆ ನಲ್ಲಿ, ರೀ, ಆ ನಲ್ಲಿ' ಎಂದು ನೀನು ವರ್ಷಗಟ್ಟಲೆ ಗೋಗರೆದರೂ 'ನಾಳೆ' ಎಂದವನು, ಮಾಡಿಸಿಯೇಬಿಟ್ಟೆ. ಈಗ ಒಂದು ತೊಟ್ಟೂ ಬೀಳುವುದಿಲ್ಲ. ಮನೆ ಎಷ್ಟು ನಿಶ್ಶಬ್ದವಾಗಿದೆಯೆಂದರೆ ನಿನ್ನೆ ನಾನೇ ಎದ್ದುಹೋಗಿ ನಲ್ಲಿಯನ್ನು ಸ್ವಲ್ಪ ತಿರುಗಿಸಿ, ತೊಟ್ಟು ಬೀಳುವ ಸದ್ದು ಕೇಳುತ್ತಾ ನಿಂತೆ. ನೀರು ದಂಡ ಮಾಡುತ್ತಿದ್ದೀರಿ ಎಂದು ಬೈಯುವವಳಿಲ್ಲ. ಮತ್ತೆ ಮುಚ್ಚಿದೆ.

ಉಳಿದದ್ದು ಒಳಕೋಣೆಯ ಕತ್ತಲೆ. ಮಂಚ ಹಿಡಿಸುವಷ್ಟು ಜಾಗವಿರುವುದು ಅಲ್ಲೊಂದೇ, ಅಲ್ಲಿ ಕಿಟಕಿಯಿಲ್ಲ. ನಿನಗೋ ಬೀದಿ ಬೇಕು. ಬಿಡುವಾದರೆ ಸಾಕು, ಬಾಗಿಲ ಮೆಟ್ಟಿಲ ಮೇಲೆ ಕುಳಿತು ಹೋಗುವವರು ಬರುವವರನ್ನೆಲ್ಲ ನೋಡಿ, 'ದರ್ಜಿ ಇವತ್ತು ಹೆಂಡತಿ ಹತ್ರ ಬೈಸ್ಕೊಂಡಿದ್ದಾನೆ, ನಡಿಗೆ ನೋಡಿ' ಎಂದು ವರದಿ ಒಪ್ಪಿಸುತ್ತಿದ್ದವಳು. ಗೋಡೆ ಒಡೆದು ಕಿಟಕಿ ಇಡೋಣವೆಂದರೆ ಆಚೆ ಕಡೆ ಬಡಗಿಯ ಗೋದಾಮು. ಗಾರೆಯವನು ಗೋಡೆಯನ್ನು ಬೆರಳಿನಿಂದ ಬಡಿದು, 'ಆಗಲ್ಲ ಯಜಮಾನ್ರೇ' ಎಂದ. ಈ ಸಲ ಅವನು ಮಾಡಿಕೊಡಲಿಲ್ಲ, ನಿಜವಾಗಿಯೂ ಆಗುವಂತಿರಲಿಲ್ಲ. ನಾನು ಆ ಕುರುಡು ಗೋಡೆಯ ಮುಂದೆ ಕುಳಿತೆ. ಕುಳಿತು ಕುಳಿತು, ಇದ್ದಕ್ಕಿದ್ದಂತೆ ಎದ್ದು ನಿಂತೆ! ನಮ್ಮ ನಾಟಕ ಕಂಪನಿಯ ಬೀದಿ ಪರದೆ ನೆನಪಿದೆಯೇನೇ? ರಾಜನ ಪಾತ್ರವಿಲ್ಲದ ದಿನಗಳಲ್ಲಿ ನಾನೂ ಬಣ್ಣದ ಡಬ್ಬಿ ಹಿಡಿದು ಬರೆದದ್ದು? ಪರದೆ ಬರೆಯುವವರು ಅದನ್ನು ಮೊದಲ ಸಾಲಿನ ನಡುವಿನ ಕುರ್ಚಿಗೆ ಹೊಂದಿಸಿಯೇ ಬರೆಯಬೇಕು. ಆ ಕುರ್ಚಿಯಿಂದ ನೋಡಿದರೆ ಮೈಲಿಗಟ್ಟಲೆ ಬೀದಿ; ಮೂಲೆಯಲ್ಲಿ ಕುಳಿತವನಿಗೆ ಕಂಬಗಳೆಲ್ಲ ಕುಡಿದು ವಾಲಿದಂತೆ. ನೀನೋ ಮೂಲೆಗಿಂತಲೂ ಮೂಲೆ, ಸೈಡ್‌ವಿಂಗಿನವಳು. ನಿನ್ನ ಜೀವಮಾನದಲ್ಲಿ ಒಂದು ಅರಮನೆಯೂ ನೆಟ್ಟಗೆ ಕಂಡಿಲ್ಲ, ಒಂದು ಬೀದಿಯೂ ಕೊನೆಯ ತನಕ ಹೋಗಿಲ್ಲ. ಈ ಸಲ ನಡುವಿನ ಕುರ್ಚಿ ನಿನ್ನದು ಎಂದು ಅಲ್ಲೇ, ಆ ಗೋಡೆಯ ಸಾಕ್ಷಿಯಾಗಿ ನಿಶ್ಚಯಿಸಿದೆ. ನರ್ಸಮ್ಮ, ಇಲ್ಲಿ ನಿಲ್ಲಿಸಿ. ಅವಳಿಗೊಂದು ಗುಟುಕು ನೀರು ಕೊಟ್ಟು ಮುಂದೆ ಓದಿ. ಇಲ್ಲ, ನೀರು ಬೇಡ. ಬೇಡವೆಂದು ಈಗ ನನಗೂ ಗೊತ್ತು. ಸುಮ್ಮನೆ ನಿಂತು ಓದಿ.

ವಾರಗಟ್ಟಲೆ ಅದೇ ಕೆಲಸ. ಎದುರಿನ ಗೋಡೆ ಸಾಲದೆ ಪಕ್ಕದ ಗೋಡೆ, ಅದೂ ಸಾಲದೆ ಚಾವಣಿಯ ಅರ್ಧ. ಮಂಚದ ಮುಂದೆ ನಿಲ್ಲಿಸಿದ ಚೌಕಟ್ಟಿಗೆ ಗಾಜು ಕೂರಿಸಿ ಅದರ ಮೇಲೆ ಬೀದಿಯನ್ನು ಪುಟ್ಟದಾಗಿ ಬರೆದು, ದಿಂಬಿನ ಮೇಲೆ ನಿನ್ನ ಕಣ್ಣು ಬರುವ ಜಾಗದಿಂದ ದಾರ ಹಿಡಿದು, ಗಾಜಿನ ಗೆರೆಯ ನೇರಕ್ಕೆ ಎಳೆದು, ಗೋಡೆಗೆ ಮುಟ್ಟಿದ ಕಡೆ ಚುಕ್ಕಿ ಇಡುವುದು. ದಾರ ಹಿಡಿಯಲು ನಿನ್ನ ಬದಲು ಒಬ್ಬರು ಮಲಗಬೇಕಲ್ಲ? ಗಾರೆಯವನನ್ನು ಹಿಡಿದು ಮಲಗಿಸಿದೆ! 'ಅಮ್ಮಾವ್ರ ಮಂಚದ ಮೇಲೆ ನಾನಾ? ಆಗಲ್ಲ ಯಜಮಾನ್ರೇ' ಎಂದು ಕೈಕಾಲು ತೊಳೆದು ಬಂದು ಮಲಗಿದ. ಅವನ ತಲೆ ಕುಂಬಳಕಾಯಿಯಷ್ಟು ದೊಡ್ಡದು, ಕಣ್ಣು ನಿನಗಿಂತ ಮೇಲಕ್ಕೆ ಬರುತ್ತಿತ್ತು. ದಿಂಬು ತೆಗೆದು ಮಡಿಸಿದ ಟವೆಲ್ ಇಟ್ಟು ಸರಿಮಾಡಿದೆ. ದಾರ ಮೂಗಿನ ಮೇಲೆ, ಅವನಿಗೆ ಸೀನು ತಡೆಯದು, ಸೀನಿದರೆ ದರ್ಜಿಯ ಅಂಗಡಿ ಅಂಗುಲ ಪಕ್ಕಕ್ಕೆ! 'ಇನ್ನೊಂದು ಸಲ ಸೀನಿದರೆ ನಿನ್ನನ್ನೂ ಬೀದಿಯೊಳಗೆ ಬರೆದುಬಿಡ್ತೀನಿ' ಎಂದು ಗರ್ಜಿಸಿದೆ. ಮಂಚ ಕದಲದಂತೆ ಕಾಲುಗಳ ಸುತ್ತ ಸುಣ್ಣದ ಗುರುತು. ಅದು ನಿವೃತ್ತ ಕಾಂಪೌಂಡರ್ ಮನೆಯಿಂದ ತಂದ ಆಸ್ಪತ್ರೆ ಮಂಚ, ಕಾಲ ಬಳಿ ಒಂದು ಹಿಡಿ ಇದೆ, ತಿರುಗಿಸಿದರೆ ತಲೆಯ ಭಾಗ ಏಳುತ್ತದೆ. ಯಾರಾದರೂ ಗೊತ್ತಿಲ್ಲದೆ ತಿರುಗಿಸಿ ನನ್ನ ಲೆಕ್ಕ ಕೆಡಿಸಿಯಾರು ಎಂದು ಆ ಹಿಡಿಯನ್ನು ಹಗ್ಗದಿಂದ ಬಿಗಿದು, ಗಂಟಿನ ಮೇಲೆ ಗಂಟು ಹಾಕಿಬಿಟ್ಟೆ.

ಕೊನೆಯ ಬಣ್ಣ ಬಳಿದ ದಿನ ಗಾರೆಯವನು ಬಾಗಿಲಲ್ಲಿ ನಿಂತು ಗೋಡೆ ನೋಡಿ, ಪಾಪ, ತಲೆ ಕೆರೆದುಕೊಂಡ. ನಿಂತವರಿಗೆ ಅದು ಬೀದಿಯಲ್ಲ, ಬೀದಿಯ ಹೆಣ. ಹಾಲಿನವನ ಸೈಕಲ್ ಹಾವಿನಂತೆ ಉದ್ದ, ದರ್ಜಿಯ ತಲೆ ಒಂದು ಗೋಡೆಯಲ್ಲಿ, ದೇಹ ಇನ್ನೊಂದರಲ್ಲಿ. 'ಮಲಗು' ಎಂದೆ. ಮಲಗಿದ. ಮರುಕ್ಷಣವೇ, 'ಅಯ್ಯಯ್ಯೋ ಯಜಮಾನ್ರೇ! ಬೀದಿ ಬಂತು! ಬೀದಿ ಒಳಗ್ ಬಂತು!' ಎಂದು ಕೂಗಿಕೊಂಡ. ನಾನು ಬಾಗಿ ನಮಸ್ಕರಿಸಿದೆ. ಬಹಳ ಕಾಲದ ಮೇಲೆ ಸಿಕ್ಕ ಚಪ್ಪಾಳೆಯಲ್ಲವೇ! ಆಮೇಲೆ ಮಹಡಿಯ ಅಜ್ಜಿ ಬಂದಳು, 'ಇದೇನಪ್ಪಾ, ಭೂಮಿ ನಡುಗಿದ ಊರು ಬರ್ದಿದ್ದೀಯ, ಹುಷಾರಿಲ್ಲದೋಳಿಗೆ ಇದನ್ನ ತೋರಿಸ್ತೀಯ?' ಎಂದು ಕನಿಕರದಿಂದ ನೋಡಿದಳು. ಅವಳ ಸೊಂಟ ಮಲಗಲು ಒಪ್ಪದು. ಮಗಳು ಬಂದಳು. ಮಲಗಿ ನೋಡು ಎಂದರೆ, 'ಅಮ್ಮನ ಜಾಗ ಅಪ್ಪಾ, ಮೊದ್ಲು ಅವಳು ನೋಡ್ಲಿ' ಎಂದು ನಿಂತೇ ಇದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಥೇಟ್ ನಿನ್ನ ಹಾಗೆಯೇ. ಆಮೇಲೆ, 'ಎಲ್ಲರನ್ನೂ ಬರ್ದಿದ್ದೀಯ, ನೀನೆಲ್ಲಿ?' ಎಂದು ಕೇಳಿದಳು. ನಾನು ಇಲ್ಲ. ಹಾಲಿನವನಿದ್ದಾನೆ, ಇಸ್ತ್ರಿಯವನಿದ್ದಾನೆ, ಕುಂಟು ನಾಯಿ ಇದೆ, ಮಹಡಿಯ ಅಜ್ಜಿಯ ಒಣಹಾಕಿದ ಸೀರೆಯೂ ಇದೆ. ಬೀದಿಯ ತಿರುವಿನಲ್ಲಿ, ನಾನು ತಾಲೀಮು ಮುಗಿಸಿ ಬರುವುದನ್ನು ನೀನು ಎದುರು ನೋಡುತ್ತಿದ್ದ ಕಡೆ, ಖಾಲಿ ಬಿಟ್ಟಿದ್ದೇನೆ. ನಾನು ಹೇಗೂ ನಿನ್ನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತಿರುತ್ತೇನಲ್ಲ, ಎದುರು ನೋಡುವ ಕೆಲಸ ನಿನಗೆ ಇನ್ನು ಬೇಡವೆಂದು.

ನಿನ್ನೆ ವ್ಯಾಯಾಮದ ಮೇಡಂ ಬಂದರು. ನಾನು ಗಡ್ಡ ಹೆರೆದು, ಜರಿಯ ಶಾಲು ಹೊದ್ದು, ಬಾಗಿಲಲ್ಲಿ ಪ್ರತ್ಯಕ್ಷನಾದೆ. ಆಕೆ ಒಳ್ಳೆಯ ಹೆಣ್ಣುಮಗಳು, ಮಗಳ ವಯಸ್ಸು, ಮುಖದಲ್ಲಿ ದಣಿವು. ಟೇಪು ತೆಗೆದು ಬಾಗಿಲು ಅಳೆದರು. 'ಚೆನ್ನಾಗಿದೆ.' ಬಚ್ಚಲಿನ ಕಂಬಿಗೆ ಮೈಭಾರ ಪೂರ್ತಿ ಬಿಟ್ಟು ಜೋತರು. 'ಚೆನ್ನಾಗಿದೆ.' ಸ್ವಿಚ್ಚು ಒತ್ತಿದರು. 'ತುಂಬಾ ಚೆನ್ನಾಗಿದೆ ಯಜಮಾನ್ರೇ.' ನಾನು ಹಿಗ್ಗಿ ಹಿಗ್ಗಿ ಶಾಲಿನಲ್ಲಿ ಹಿಡಿಸದಾದೆ! ಒಳಕೋಣೆಗೆ ಕರೆತಂದೆ. ಆಕೆ ಗೋಡೆಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. 'ದಯಮಾಡಿ ಪವಡಿಸಬೇಕು, ಆಮೇಲೆ ನೋಡಬೇಕು' ಎಂದೆ. ಆಕೆ ನನ್ನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ, ಮಂಚದ ಹಿಡಿಯನ್ನು ನೋಡುತ್ತಿದ್ದರು. 'ಇದನ್ನ ಯಾಕೆ ಕಟ್ಟಿದ್ದೀರಿ?' 'ಯಾರೂ ಮುಟ್ಟಬಾರದು ಅಂತ, ಮೇಡಂ.' ಆಕೆ ಬಗ್ಗಿ ಗಂಟು ಬಿಚ್ಚತೊಡಗಿದರು. ನನ್ನ ಗಂಟುಗಳು ಗಟ್ಟಿ. ಬಿಚ್ಚಲು ಹೊತ್ತು ಹಿಡಿಯಿತು. ಬಿಚ್ಚುತ್ತಲೇ, ನನ್ನ ಕಡೆ ನೋಡದೆ ಹೇಳಿದರು: 'ಅಮ್ಮ ಈಗ ಚಪ್ಪಟೆ ಮಲಗೋ ಹಾಗಿಲ್ಲ. ನುಂಗೋ ಶಕ್ತಿ ಹೋಗಿದೆ. ಬಾಯಲ್ಲಿರೋ ಎಂಜಲು ಕೂಡ ಶ್ವಾಸಕೋಶಕ್ಕೆ ಇಳಿದುಬಿಡುತ್ತೆ. ಹಗಲೂ ರಾತ್ರಿ ಅರ್ಧ ಕೂತ ಹಾಗೇ ಇರ್ಬೇಕು. ನಿಮ್ಗೆ ಯಾರೂ ಹೇಳ್ಲಿಲ್ವಾ?' ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೆಮ್ಮು ಹೇಗಿದೆ ಎಂದು ಕೇಳಿದೆ, ನಿದ್ದೆ ಬಂತೇ ಎಂದು ಕೇಳಿದೆ. ಹೇಗೆ ಮಲಗುತ್ತೀಯ ಎಂದು ಕೇಳಬೇಕೆಂದು ತೋಚಲೇ ಇಲ್ಲ. ಮಲಗುವುದರಲ್ಲಿ ಇಷ್ಟೊಂದು ಬಗೆ ಇದೆಯೆಂದು ಯಾರಿಗೆ ಗೊತ್ತಿತ್ತು, ಕಣೇ?

ಎಷ್ಟು ಎತ್ತರ ಎಂಬುದು ನನಗೆ ತಿಳಿಯಲೆಂದು ಆಕೆ ನನ್ನನ್ನೇ ಮಲಗಿಸಿದರು. ಹಿಡಿ ತಿರುಗಿತು. ಕಿರ್, ಕಿರ್ ಎಂದು ತಲೆಯ ಭಾಗ ಎದ್ದಿತು. ಎದುರಿಗೆ, ನಾನು ಬರೆದ ಬೀದಿ, ಮೊದಲು ಸರಿಯಾಗಿ ಹಾಸಿಕೊಂಡಿದ್ದ ಬೀದಿ, ನಿಧಾನವಾಗಿ ಬಾಗಿತು. ದರ್ಜಿಯ ಅಂಗಡಿಯ ಬಾಗಿಲು ಓರೆಯಾಯಿತು. ಇಸ್ತ್ರಿಯವನ ಗಾಡಿ ಚಾವಣಿಯಿಂದ ಕಳಚಿ ತಲೆಯ ಮೇಲೆ ಬರುವಂತೆ ವಾಲಿತು. ಹಾಲಿನವನ ಮುಖ ಮೂಲೆಯಲ್ಲಿ ಸೀಳಿ ಎರಡಾಯಿತು. ತಿರುವು, ಆ ಖಾಲಿ ತಿರುವು, ಸುಮ್ಮನೆ ಬೂದು ಬಣ್ಣದ ಒಂದು ಮಚ್ಚೆಯಾಯಿತು. ಸೈಡ್‌ವಿಂಗಿನಿಂದ ನಿನಗೆ ಇಷ್ಟು ಕಾಲ ಕಂಡದ್ದು ಇದೇ ಇರಬೇಕು. ಅಲ್ಲಿಯೂ ಇದೇ, ಇಲ್ಲಿಯೂ ಇದೇ. ರಂಗದ ಮೇಲೆ ನಾನು ಎಷ್ಟು ಅರಮನೆಗಳನ್ನು ಕಳೆದುಕೊಂಡಿಲ್ಲ, ಎಷ್ಟು ಸಲ ಕಿರೀಟ ನೆಲಕ್ಕೆಸೆದು ಹತ್ತು ನಿಮಿಷದ ದುಃಖದ ಮಾತು ಹೊಡೆದಿಲ್ಲ! ನಿನ್ನೆ ಆ ಮಂಚದ ಮೇಲೆ ಬಾಯಿಯಿಂದ ಒಂದಕ್ಷರ ಹೊರಡಲಿಲ್ಲ. ಕಿವಿಗೊಟ್ಟು ಮಲಗಿದ್ದೆ. ನೀನು ಎತ್ತಿಕೊಡುತ್ತೀಯೇನೋ ಎಂದು.

ಎದ್ದವನೇ, 'ಮತ್ತೆ ಬರೀತೀನಿ ಮೇಡಂ, ಈ ಎತ್ತರಕ್ಕೇ ಬರೀತೀನಿ, ಗಾರೆಯವನನ್ನ ಕೂರಿಸ್ತೀನಿ' ಎಂದೆ. ಆಕೆ ಟೇಪನ್ನು ಸುತ್ತಿಟ್ಟುಕೊಂಡು, ನೋಡೋಣ ಎಂದರು. ಅಷ್ಟೇ. ನೋಡೋಣ ಎಂದಿದ್ದಾರೆ. ಆದ್ದರಿಂದ ನೀನೇನೂ ಯೋಚನೆ ಹಚ್ಚಿಕೊಳ್ಳಬೇಡ. ಗೋಡೆಗೆ ಸುಣ್ಣ ಬಳಿದರೆ ಒಂದು ದಿನದಲ್ಲಿ ಬೆಳ್ಳಗಾಗುತ್ತದೆ, ಬೀದಿಯೆಲ್ಲ ನನ್ನ ಕೈಯಲ್ಲೇ ಇದೆ, ಇನ್ನೊಮ್ಮೆ ಬರೆದರಾಯಿತು. ಸದ್ಯಕ್ಕೆ ಸುಣ್ಣ ಬಳಿದಿಲ್ಲ. ಬಳಿಯಲು ಕೈ ಏಳಲಿಲ್ಲ. ಈ ಕಾಗದವನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತೇ ಬರೆಯುತ್ತಿದ್ದೇನೆ. ಇಲ್ಲಿಂದ ನೋಡಿದರೂ ಬೀದಿ ಸೊಟ್ಟಗೇ ಕಾಣುತ್ತದೆ. ಒಂದು ಮಾತು ಹೇಳಲೇ? ಮನೆ ಈಗ ನೀನು ಬೇಕೆಂದದ್ದಕ್ಕಿಂತ ಚೆನ್ನಾಗಿದೆ. ಬಾಗಿಲು ಅಗಲ, ನೆಲ ಸಮ, ನಲ್ಲಿ ಮೌನ, ಎಲ್ಲಿ ಕೈಯಿಟ್ಟರೂ ದೀಪ. ಇಷ್ಟು ಚೆನ್ನಾಗಿರುವ ಮನೆಯಲ್ಲಿ ಇರುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ಹೊಸ್ತಿಲಿದ್ದಾಗ ಎಡವುತ್ತಿದ್ದೆ, ಎಡವಿದರೆ ನೀನು ಒಳಗಿನಿಂದ 'ನೋಡ್ಕೊಂಡು ರೀ' ಎನ್ನುತ್ತಿದ್ದೆ. ಈಗ ಎಡವಲೂ ಏನೂ ಉಳಿದಿಲ್ಲ.

ಬೆರಳು ಆಡಿಸುತ್ತಿರು. ನರ್ಸಮ್ಮ ಹೇಳಿದ ಹಾಗೆ ಕೇಳು, ಹಟ ಮಾಡಬೇಡ, ಹಟವೆಲ್ಲ ನನಗಾಗಿ ಎತ್ತಿಡು. ಮಗಳು ನಿನಗೆ ಮುತ್ತು ಕಳುಹಿಸಿದ್ದಾಳೆ. ಮಹಡಿಯ ಅಜ್ಜಿ ಬೇಗ ಬಾ ಎಂದಿದ್ದಾಳೆ, ಬೀದಿಯ ಸುದ್ದಿ ಹೇಳುವವರಿಲ್ಲದೆ ಅವಳಿಗೆ ಯಾರ ಮನೆಯ ಜಗಳವೂ ಅರ್ಥವಾಗುತ್ತಿಲ್ಲವಂತೆ. ಗಾರೆಯವನು, ದರ್ಜಿ, ಕುಂಟು ನಾಯಿ, ಎಲ್ಲರೂ ನೆನೆಯುತ್ತಾರೆ. ನಿನ್ನ ಉಸಿರು ಸಲೀಸಾಗಿರಲಿ. ನನ್ನ ಆಯುಸ್ಸಿನಲ್ಲಿ ಎಷ್ಟು ಬೇಕೋ ಅಷ್ಟು ತೆಗೆದುಕೋ, ಕೇಳಬೇಕಾಗಿಲ್ಲ.

ಇಂತು,
ನಿನ್ನ
ಮಾತು ಮರೆಯುವ ಮಹಾರಾಜ

ತಾ.ಕ.: ನರ್ಸಮ್ಮನವರೇ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡಿ, ಮನಸ್ಸಿನಲ್ಲೇ ಓದಿಕೊಳ್ಳಿ. ಗೇಟಿನವನು ಬಾಗಿಲು ಹಾಕುವ ಮೊದಲು ಕಾಗದ ಮುಟ್ಟಿಸಬೇಕು, ಬಸ್ಸಿಗೆ ಹೊತ್ತಾಯಿತು, ಚುಟುಕಾಗಿ ಹೇಳುತ್ತೇನೆ. ಮೇಡಂ ನೋಡೋಣ ಎನ್ನಲಿಲ್ಲ. 'ಯಜಮಾನ್ರೇ, ಗೋಡೆಯಲ್ಲ ಸಮಸ್ಯೆ. ಗಂಟಲಿಂದ ಎಂಜಲು ಎಳೆಯೋಕೆ ಯಂತ್ರ ಬೇಕು, ಅದು ಗೊತ್ತಿರೋರು ಸದಾ ಪಕ್ಕದಲ್ಲಿರ್ಬೇಕು. ಅಮ್ಮ ಮನೆಗೆ ಬರೋದಿಲ್ಲ. ಇನ್ನು ಅಲ್ಲೇ' ಎಂದರು. ಹೇಳುವಾಗ ನನ್ನ ಕೈ ಹಿಡಿದುಕೊಂಡಿದ್ದರು. ಇದನ್ನು ಅವಳಿಗೆ ಹೇಳಬೇಡಿ. ಮನೆಗೆ ಯಾವಾಗ ಎಂದು ಅವಳ ಕಣ್ಣು ಕೇಳಿದರೆ, ಬಣ್ಣ ಇನ್ನೂ ಒಣಗಿಲ್ಲವಂತೆ ಎನ್ನಿ. ಮೆಲ್ಲಗೆ, ಸುಮ್ಮನೆ ನೆನಪಾಯಿತೆಂಬಂತೆ ಎನ್ನಿ. ಜೋರಾಗಿ ಹೇಳಿದರೆ ನಟನೆಯೆಂದು ಅವಳಿಗೆ ತಕ್ಷಣ ಗೊತ್ತಾಗುತ್ತದೆ. ಆದರೂ, ಪ್ರತಿಯಲ್ಲಿಲ್ಲದ ಮಾತು ಕಿವಿಗೆ ಬಿದ್ದರೆ ಅವಳು ಬಿಡುವವಳಲ್ಲ. ಬೆರಳಿನಿಂದ ಕಂಬಿಯನ್ನು ಟಕ್ ಎಂದು ತಟ್ಟಿಯಾಳು. ತಟ್ಟಿದರೆ ನೀವು ಮುಂದೆ ಏನು ಹೇಳಬೇಕೆಂದು ನನಗೆ ಗೊತ್ತಿಲ್ಲ. ಆ ಮಾತನ್ನು ಯಾವಾಗಲೂ ಅವಳೇ ಎತ್ತಿಕೊಡುತ್ತಿದ್ದಳು.